ಮದುವೆಯ ದಿನ ಹುಂಜ ನಿಂತಿದ್ದು ನಿಜ

ಮಾನ್ಯ ವಲಸೆ ವಿಚಾರಣಾಧಿಕಾರಿಗಳೇ,

ನನ್ನ ಹೆಂಡತಿ ಯುಕ್ ಹೋ ಐವತ್ತಮೂರು ದಿನಗಳಿಂದ ನಿಮ್ಮ ದ್ವೀಪದ ಬಂದೀಖಾನೆಯಲ್ಲಿದ್ದಾಳೆ. ಅವಳು ಸುಳ್ಳುಗಾತಿ, ನನ್ನ ಹೆಂಡತಿಯೇ ಅಲ್ಲ ಎಂದು ತಾವು ತೀರ್ಪು ಬರೆದಿದ್ದೀರಿ. ಶುಕ್ರವಾರದ ಹಡಗಿನಲ್ಲಿ ಚೀನಾಕ್ಕೆ ವಾಪಸು ಕಳಿಸುತ್ತೀರಂತೆ. ಸುಳ್ಳು ಹೇಳಿದವನು ನಾನು. ಇಡೀ ಸ್ಯಾನ್ ಫ್ರಾನ್ಸಿಸ್ಕೋ ಓದಲೆಂದೇ ಪತ್ರಿಕೆಯಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ತಮ್ಮ ಜ್ಞಾನದಾಹಕ್ಕೆ ಎಣೆಯಿಲ್ಲ. ಊರಿನ ಮನೆಗೆ ಎಷ್ಟು ಮೆಟ್ಟಿಲು, ಬಾವಿ ಯಾವ ದಿಕ್ಕಿಗೆ, ಅಕ್ಕಿ ಮಡಕೆ ಎಲ್ಲಿ ಎಂದು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದಿರಿ. ತಮ್ಮ ಕಚೇರಿಗೆ ಎಷ್ಟು ಮೆಟ್ಟಿಲೆಂದು ತಮಗೆ ಗೊತ್ತೇ? ಉತ್ತರ ಹೊಂದಲಿ ಎಂದು ನಮ್ಮವರೆಲ್ಲ ಮಾಡುವಂತೆ ನಾನೂ ಮೊದಲೇ ಹಾಳೆಗಟ್ಟಲೆ ಬರೆದು ಅವಳಿಗೆ ಕಳಿಸಿದ್ದೆ. ಒಂದನ್ನು ಬರೆಯಲು ಮಾತ್ರ ನಾಚಿಕೆಯಾಯಿತು.

ಮದುವೆಯಲ್ಲಿ ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರೆಂದು ಕೇಳಿದಾಗ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು: “ಹುಂಜ, ಸ್ವಾಮಿ. ಕೆಂಪು ದಾರ ಕಟ್ಟಿದ್ರು. ಅವರು ಅಮೆರಿಕದಲ್ಲಿ ಬಟ್ಟೆ ಒಗೀತಿದ್ರಲ್ಲ, ಬರೋಕಾಗ್ಲಿಲ್ಲ.” ತಾವೆಲ್ಲ ಹೊಟ್ಟೆ ಹಿಡಿದು ನಕ್ಕಿರಂತೆ. ಗಂಡು ಕಡಲಾಚೆಯಿದ್ದರೆ ಅವನ ಬದಲಿಗೆ ಹುಂಜ ನಿಲ್ಲಿಸಿ ಮದುವೆ ಮುಗಿಸುವುದು ನಮ್ಮ ಕಡೆಯ ಪದ್ಧತಿ. ಊರಿಗೆ ಹೋಗಲು ನನಗೆ ರಜೆ ಕೊಡುವವರು ಯಾರಿದ್ದರು?

ನನ್ನ ಸರದಿಗೆ ಮುಂಚೆ ಲಾಂಡ್ರಿಯ ಚಾಂಗ್ ಮಾವ ಎಚ್ಚರಿಸಿದ್ದರು: “ಹುಂಜದ ಸುದ್ದಿ ಎತ್ತಬೇಡ ಕಣೋ, ಬಿಳಿಯರು ಆಡ್ಕೊಂಡು ನಗ್ತಾರೆ. ನಾನೇ ನಿಂತಿದ್ದೆ ಅಂದ್ಬಿಡು.” ಅಂದುಬಿಟ್ಟೆ. ಇಬ್ಬರ ಉತ್ತರ ಹೊಂದಲಿಲ್ಲ, ನಿಜ ಹೇಳಿದ ಅವಳೇ ಸುಳ್ಳುಗಾತಿಯಾದಳು. ಥೂ ನನ್ನ ಮಾನಕ್ಕಿಷ್ಟು!

ಮದುವೆಯಾಗಿ ಹತ್ತು ವರ್ಷ. ಒಮ್ಮೆ ಊರಿಗೆ ಹೋದಾಗ ಒಟ್ಟಿಗೆ ಬಾಳಿದ್ದು ಏಳೇ ತಿಂಗಳು. ಇಲ್ಲಿ ಬೆಳಗಾದರೆ ಯಾರದೋ ಅಂಗಿ, ಯಾರದೋ ಹೆಂಡತಿಯ ಲಂಗ ಇಸ್ತ್ರಿ ಮಾಡುತ್ತೇನೆ. ಒಬ್ಬನಿಗೇ ಅನ್ನ ಬೇಯಿಸಿ ಗೋಡೆ ನೋಡುತ್ತಾ ಉಣ್ಣುತ್ತೇನೆ. ರಾತ್ರಿ ಕೋಣೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯಿಲ್ಲ, ಈ ಒಂಟಿತನ ಸಾಕಾಗಿದೆ. ಮೊನ್ನೆ ಅವಳಿಗೆಂದು ಉಪ್ಪುಮೀನು ಕಟ್ಟಿಕೊಂಡು ದೋಣಿಕಟ್ಟೆಗೆ ಹೋದರೆ ನಿಮ್ಮ ಕಾವಲುಗಾರ, “ನಿಂಗೆ ಹೆಂಡ್ತಿನೇ ಇಲ್ವಂತಲ್ಲಯ್ಯಾ, ಯಾರಿಗೆ ಇದು? ತಗೊಂಡ್ ಹೋಗು” ಎಂದ. ವಾಪಸು ತಂದೆ. ತಿನ್ನಲಾಗಲಿಲ್ಲ.

ನಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮತ್ತೆ ವಿಚಾರಿಸಿ. ಸುಳ್ಳಿಗೆ ಶಿಕ್ಷೆಯಿದ್ದರೆ ನನಗೆ ಕೊಡಿ. ಅದೂ ಆಗದು, ಕಳಿಸಿಯೇ ತೀರುತ್ತೇವೆ ಎನ್ನುವುದಾದರೆ, ಹಡಗು ಹತ್ತಿಸುವ ಮೊದಲು ಈ ಪತ್ರವನ್ನು ಅವಳಿಗೆ ಓದಿ ಹೇಳಿಸಿ. ಗಂಡನೇ ನನ್ನನ್ನು ಬೇಡವೆಂದ ಎಂದುಕೊಂಡು ಅವಳು ಅಷ್ಟು ದೂರದ ಕಡಲು ದಾಟಬಾರದು.

ಇಂತಿ,
ಹೆಂಡತಿಯ ವಿರುದ್ಧ ತಾನೇ ಸಾಕ್ಷಿಯಾದ
ಮಾ ವಿಂಗ್ ಸೇಕ್