ಓಡಿದವಳ ಎಂಟು ಗೈರುಹಾಜರಿ

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮ್ಮದರ ಕಡೆ ಬರೋಣ. ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ, ಅಧ್ಯಾಪಕರ ಕೊಠಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಸ್ವಸ್ಥಚಿತ್ತನಾಗಿ, ಯಾರ ಒತ್ತಡವೂ ಇಲ್ಲದೆ, ತರಗತಿಗೆ ಬಾರದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಎಂಟು ದಿನಗಳ ಸುಳ್ಳು ಹಾಜರಿ ಹಾಕಿದ್ದೇನೆ. ಕಣ್ಣು ಬಾಗಿಲ ಮೇಲೆ, ಕೈ ರಿಜಿಸ್ಟರಿನ ಮೇಲೆ. ಇಪ್ಪತ್ಮೂರು ವರ್ಷಗಳ ಸೇವೆಯಲ್ಲಿ ನಾನು ಸುಳ್ಳು ಗುರುತು ಹಾಕಿದ್ದು ಅದೇ ಮೊದಲು.

ಇಷ್ಟು ಕಷ್ಟಪಟ್ಟು ಕೆಟ್ಟವನಾದರೂ ಅವಳಿಗೆ ಪ್ರವೇಶಪತ್ರ ಬಂದಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಅಂತಿಮ ಪರೀಕ್ಷೆ. ಕ್ರೀಡಾ ಕೋಟಾದಲ್ಲಿ ಅವಳಿಗೆ ಸಿಕ್ಕಿರುವ ಕೆಲಸದ ಪತ್ರದಲ್ಲಿ ‘ಈ ವರ್ಷವೇ ಪದವಿ ಮುಗಿದಿರಬೇಕು’ ಎಂದಿದೆ. ಪರೀಕ್ಷೆ ತಪ್ಪಿದರೆ ಪದವಿಯೂ ಇಲ್ಲ, ಕೆಲಸವೂ ಇಲ್ಲ. ಕಳಿಸಿದ ಎರಡು ಮನವಿಗಳಿಗೆ ತಮ್ಮ ಕಚೇರಿ ಉತ್ತರಿಸದ ಕಾರಣ ಮೂರನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ತರಗತಿಯವರು ಅವಳನ್ನು ಎಕ್ಸ್‌ಪ್ರೆಸ್ ಎನ್ನುತ್ತಾರೆ. ಐದು ಸಾವಿರ ಮೀಟರ್ ಓಟಗಾರ್ತಿ. ಬೆಳಗ್ಗೆ ಆರೂವರೆಗೆ ನಾನು ಸಕ್ಕರೆ ಇಳಿಸಲು ಕ್ರೀಡಾಂಗಣದಲ್ಲಿ ಒಂದು ಸುತ್ತು ನಡೆಯುವಷ್ಟರಲ್ಲಿ ಅವಳು ನಾಲ್ಕು ಸಲ ನನ್ನನ್ನು ದಾಟಿ ಹೋಗುತ್ತಾಳೆ. ದಾಟುವಾಗಲೆಲ್ಲ ಸಂಭವನೀಯತೆಯ ಲೆಕ್ಕದ ಒಂದೊಂದು ಹೆಜ್ಜೆ ಕೇಳುತ್ತಾಳೆ. “ಸಾರ್, ಇಲ್ಲಿ ಕೂಡೋದಾ, ಗುಣಿಸೋದಾ?” ಎಂದು ಕೇಳಿ ತಿರುವಿನಲ್ಲಿ ಮಾಯ. ನಾನು ಉತ್ತರ ಸಿದ್ಧಮಾಡಿಕೊಂಡು ನಡೆಯುತ್ತಿರುತ್ತೇನೆ, ಮುಂದಿನ ಸುತ್ತಿಗೆ ಬಂದು ಒಯ್ಯುತ್ತಾಳೆ. ಮರುಪ್ರಶ್ನೆ ಕೇಳಲು ಹಿಂದಕ್ಕೆ ಓಡಿ ಬರುವ ವಿದ್ಯಾರ್ಥಿ ನನಗೆ ಇಲ್ಲಿಯವರೆಗೆ ಅವಳೊಬ್ಬಳೇ.

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಅವಳನ್ನು ಕಳಿಸಿದ್ದು ನಾವೇ. ಓಡಿದಳು, ಮೊದಲು ಬಂದಳು. ಹೋಗಿಬರಲು ಎಂಟು ತರಗತಿ ತಪ್ಪಿದವು. ಹಾಗೆ ಹೋದವರಿಗೆ ‘ಓ.ಡಿ.’ ಎಂಬ ಸವಲತ್ತಿದೆ. ವಿಶ್ವವಿದ್ಯಾಲಯದ ಕೆಲಸದ ಮೇಲೆಯೇ ಹೊರಗಿದ್ದರು ಎಂದು ಹಾಜರಿ ಕೊಡುವ ಏರ್ಪಾಡು ಅದು. ಆದರೆ ತಮ್ಮ ಸುತ್ತೋಲೆಯ ಪ್ರಕಾರ ಆ ಅರ್ಜಿಯನ್ನು ಸ್ಪರ್ಧೆಯ ದಿನವೇ, ಹನ್ನೊಂದರಿಂದ ಒಂದರೊಳಗೆ, ಸ್ಪರ್ಧಿಯೇ ಖುದ್ದಾಗಿ ಮೂರನೇ ಕೌಂಟರಿಗೆ ಕೊಡಬೇಕು. ಅಂದರೆ ಓಡದೆ ಇಲ್ಲೇ ಉಳಿದವರಿಗೆ ಮಾತ್ರ ಓ.ಡಿ.! ಇದನ್ನು ಬರೆದ ಮಹನೀಯರು ಮೈದಾನವನ್ನು ಕಿಟಕಿಯಿಂದಾದರೂ ನೋಡಿದ್ದಾರೆಯೇ?

ದೈಹಿಕ ಶಿಕ್ಷಣದ ಸೀಟಿ ಮೇಷ್ಟ್ರೂ ನಾನೂ ಅವಳನ್ನು ಕರೆದುಕೊಂಡು ಆ ಕೌಂಟರಿಗೆ ಹೋದೆವು. ಗುಮಾಸ್ತರು ಕನ್ನಡಕ ಹಣೆಗೇರಿಸಿ ಅರ್ಜಿ ನೋಡಿದರು.

“ಏನಮ್ಮಾ, ಇದನ್ನ ಅವತ್ತೇ ಕೊಡ್ಬೇಕಿತ್ತಲ್ವಾ?”

“ಅವತ್ತು ನಾನು ಓಡ್ತಾ ಇದ್ದೆ ಸಾರ್.”

“ಮಧ್ಯಾಹ್ನ ಬಿಡುವು ಮಾಡ್ಕೊಂಡು ಬಂದು ಕೊಟ್ಟು ಹೋಗ್ಬಹುದಿತ್ತು.”

“ನಾನೂರು ಕಿಲೋಮೀಟರ್ ಸಾರ್.”

“ನೀನು ಓಟಗಾರ್ತಿ ತಾನೆ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದರು.

ಸೀಟಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಅಲ್ಲಾ ಸ್ವಾಮಿ, ನಿಮ್ಮ ತಲೆ ಮೇಲೇ ನೋಡಿ. ‘ನಮ್ಮ ಹೆಮ್ಮೆ’ ಅಂತ ಆಳೆತ್ತರದ ಫೋಟೋ ಹಾಕಿದ್ದೀರಲ್ಲ, ಅದು ಯಾರು ಮತ್ತೆ?”

ಗುಮಾಸ್ತರು ತಲೆಯೆತ್ತಿ ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. “ಇವಳೇ. ಆದ್ರೆ ಗೋಡೆ ನಮ್ಮ ವಿಭಾಗಕ್ಕೆ ಬರಲ್ಲ.”

ಹೀಗೆ ಗೋಡೆಯ ಮೇಲೆ ಹಾಜರಿದ್ದವಳು ಕಡತದಲ್ಲಿ ಗೈರುಹಾಜರಾದಳು. ಅದಕ್ಕೇ ನಾನು ಆ ಶನಿವಾರ ಪೆನ್ನು ತೆಗೆದದ್ದು.

ಈಗ ಲೆಕ್ಕಕ್ಕೆ ಬನ್ನಿ. ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ನನ್ನ ರಿಜಿಸ್ಟರಿನಲ್ಲಿ ಇಪ್ಪತ್ಮೂರು ವರ್ಷಗಳಲ್ಲಿ ಒಂದೇ ಒಂದು ಕಾಟು ಹೊಡೆದದ್ದಿಲ್ಲ. ನಡೆದ ತರಗತಿ ಅರವತ್ತು, ಪರೀಕ್ಷೆಗೆ ಬೇಕಾದ ಹಾಜರಿ ನಲವತ್ತೈದು. ಅವಳು ಬಂದದ್ದು ನಲವತ್ತೊಂದು, ನನ್ನ ಪಾಪದ ಎಂಟು ಸೇರಿ ನಲವತ್ತೊಂಬತ್ತು. ತಮ್ಮ ಗಣಕಯಂತ್ರದಲ್ಲಿ ಮಾತ್ರ ನಲವತ್ತೊಂದೇ! ಉಳಿದ ಎಂಟನ್ನು ಅದು ನುಂಗಿತೋ, ನೊಣೆಯಿತೋ? ಅದಕ್ಕೆ ಕೂಡುವುದನ್ನು ಕಲಿಸಬೇಕಿದ್ದರೆ ಹೇಳಿ ಕಳಿಸಿ, ಪುಕ್ಕಟೆಯಾಗಿ ಪಾಠ ಮಾಡುತ್ತೇನೆ.

ನನ್ನ ಪಾಠವೆಂದರೆ ಸಾಮಾನ್ಯವಲ್ಲ. ಕೊನೆ ಬೆಂಚಿನಲ್ಲೊಬ್ಬ ಹುಡುಗನಿದ್ದಾನೆ. ಮನಸ್ಸು ಬಂದಾಗ ಮಾತ್ರ ದರ್ಶನ ಕೊಡುವುದರಿಂದ ಅವನ ಹೆಸರೇ ಅತಿಥಿ. ಮೊನ್ನೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, “ಸಾರ್, ನೀವು ಮಾಡಿದ ಉಪಕಾರ ಸಾಯೋ ತನಕ ಮರೆಯಲ್ಲ” ಎಂದ. ಕಣ್ಣಲ್ಲಿ ನೀರಿತ್ತು. “ನನ್ನ ಕರ್ತವ್ಯ ಕಣಪ್ಪಾ” ಎಂದೆ. ಬಂದಷ್ಟು ದಿನಗಳ ಪಾಠವೇ ಒಬ್ಬ ಮನುಷ್ಯನನ್ನು ಇಷ್ಟು ಬದಲಿಸಬಹುದಾದರೆ, ಒಂದು ಯಂತ್ರ ಯಾವ ಮಹಾ?

ಆದ್ದರಿಂದ ನನ್ನ ಬೇಡಿಕೆ: ನಾಳೆ ಶನಿವಾರ ಸಂಜೆಯೊಳಗೆ ಅವಳ ಪ್ರವೇಶಪತ್ರ ಕೊಡಿ. ಆ ಸುತ್ತೋಲೆಯನ್ನು ವಾಪಸು ಪಡೆಯಿರಿ. ಸಾಕ್ಷಿಗೆ ರಿಜಿಸ್ಟರಿನ ಪುಟದ ಜೆರಾಕ್ಸ್ ಲಗತ್ತಿಸಿದ್ದೇನೆ.

ಇಲ್ಲಿಗೆ ಸಹಿ ಹಾಕಬೇಕಿತ್ತು. ಅಷ್ಟರಲ್ಲಿ ನನ್ನ ಮಡದಿ ಆ ಜೆರಾಕ್ಸ್ ಕೈಗೆತ್ತಿಕೊಂಡಳು. ಅವಳು ಬಟ್ಟೆ ಹೊಲಿಯುವವಳು, ಗೆರೆ ಒಂದು ಎಳೆ ಸರಿದರೂ ಕಣ್ಣಿಗೆ ಚುಚ್ಚುತ್ತದೆ.

“ರೀ, ಆ ಹುಡುಗಿ ನಂಬರ್ ಎಷ್ಟು ಅಂದ್ರಿ?”

“ಮೂವತ್ತೆಂಟು.”

“ಮತ್ತೆ ನಿಮ್ಮ ಎಂಟೂ ಮೂವತ್ತೊಂಬತ್ತರ ಸಾಲಲ್ಲಿ ಕೂತಿವೆಯಲ್ಲ?”

ಬಂದವರಿಗೆ ಗುರುತು ಹಾಕಿ ಬಾರದವರ ಚೌಕ ಖಾಲಿ ಬಿಡುವುದು ನನ್ನ ಪದ್ಧತಿ. ಆ ಎಂಟು ದಿನ ಮೂವತ್ತೊಂಬತ್ತರವನೂ ಬಂದಿರಲಿಲ್ಲ, ಅವನ ಚೌಕಗಳೂ ಖಾಲಿಯಿದ್ದವು. ಕಣ್ಣು ಬಾಗಿಲ ಮೇಲಿತ್ತು ಎಂದು ಆಗಲೇ ಹೇಳಿದ್ದೇನೆ. ಮೂವತ್ತೊಂಬತ್ತು ಎಂದರೆ ಅತಿಥಿ. ಅವನು ಬಂದದ್ದು ಮೂವತ್ತೇಳು ದಿನ. ಎಂಟು ಸೇರಿದರೆ ಸರಿಯಾಗಿ ನಲವತ್ತೈದು. ಅವನಿಗೆ ಪ್ರವೇಶಪತ್ರ ಬಂದು ವಾರವಾಯಿತಂತೆ. ಸಾಯುವ ತನಕ ಮರೆಯದ ಉಪಕಾರ ಯಾವುದೆಂದು ಈಗ ತಿಳಿಯಿತು. ಅದು ಪಾಠವಲ್ಲ.

ಪತ್ರಿಕೆಯವರು ಐದು ಗಂಟೆಯೊಳಗೆ ಪತ್ರ ಕೇಳಿದ್ದಾರೆ, ಹೊಸದಾಗಿ ಬರೆಯಲು ಹೊತ್ತಿಲ್ಲ. ಯಂತ್ರದ ಬಗ್ಗೆ ಆಡಿದ ಮಾತುಗಳನ್ನು ಹಿಂದಕ್ಕೆ ಪಡೆದಿದ್ದೇನೆ. ಬೇಡಿಕೆಯನ್ನು ಮಾತ್ರ ಹಿಂಪಡೆಯಲಾರೆ. ಸುಳ್ಳು ಹಾಜರಿ ನನ್ನದು, ಅದನ್ನು ಉಂಡವನು ಅತಿಥಿ. ಅವಳಿಗೆ ಅದರ ಒಂದು ಚೌಕವೂ ದಕ್ಕಿಲ್ಲ. ಈ ವ್ಯವಹಾರದಲ್ಲಿ ನಿಜವಾಗಿ ಏನಾದರೂ ಮಾಡಿದವಳು ಅವಳೊಬ್ಬಳೇ: ಓಡಿದಳು. ಪ್ರವೇಶಪತ್ರ ಕೊಡಿ, ನನಗೆ ನೋಟಿಸು ಕೊಡಿ. ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದರೂ ಆಕ್ಷೇಪವಿಲ್ಲ, ಆದರೆ ದಯವಿಟ್ಟು ಅವಳದನ್ನು ಅವಳ ಕೈಗೇ ಕೊಡಿಸಿ. ನನ್ನ ಮೂಲಕ ಬೇಡ.

ಇಂತಿ,
ಅಡಿಪಟ್ಟಿ ಇಟ್ಟುಕೊಂಡು ಹಾಜರಿ ಹಾಕಲು ಮಡದಿಯಿಂದ ಕಲಿಯುತ್ತಿರುವ
ಸಂಖ್ಯಾಶಾಸ್ತ್ರದ ಮೇಷ್ಟ್ರು