ಯಾವ ಸಂದು, ಮಗಳೇ?

ಸೋಮವಾರ, ಹದಿನಾಲ್ಕನೇ ತಾರೀಕು. ಕೆಲಸದ ಜಾಗ. ಮಹಡಿ ಮೆಟ್ಟಿಲ ಮೇಲೆ ಕೂತಿದ್ದೀನಿ, ಇನ್ನೂ ಕಂಬಿ ಕೂರಿಸಿಲ್ಲ.

ನನ್ನ ಮೆಣಸಿನಕಾಯೀ, ಹೇಗಿದ್ದೀಯಮ್ಮಾ? ತಿಂದ್ಯಾ? ನಿದ್ದೆ ಬಂತಾ? ನಗಬೇಡ, ಫೋನಿಗೆ ಬಾಯಲ್ಲಿ ಹೇಳಿ ಕಳಿಸಿದ್ರೂ ಕಾಗದ ಕಾಗದಾನೇ. ತಾರೀಕು, ಜಾಗ, ಕ್ಷೇಮ, ಆಮೇಲೇ ಸುದ್ದಿ. ನಿಮ್ಮ ತಾತ ನನಗೆ ಹಾಗೇ ಕಲಿಸಿದ್ದು. ಆದ್ರೆ ಇವತ್ತು ಕ್ಷೇಮ ಕೇಳ್ತಿರೋದು ರೂಢಿಗಲ್ಲ. ನಿಜವಾಗ್ಲೂ ಕೇಳ್ತಿದ್ದೀನಿ. ಕೈಕಾಲು ನೆಟ್ಟಗಿದೆಯಾ? ಎಲ್ಲಿ ನಿಂತಿದ್ದೀಯ ಈಗ? ತಲೆ ಮೇಲೇನಿದೆ?

ಬೆಳಿಗ್ಗೆ ನಿನ್ನ ಮೆಸೇಜು ಬಂತಲ್ಲ, "ಅಪ್ಪಾ, ಸಂದು ಬಿಟ್ಕೊಂಡಿದೆ, ಏನ್ ಮಾಡ್ಲಿ?" ಅಂತ, ಆಗ ನಾನು ಹಲಗೆ ಮೇಲೆ ಹತ್ತಿ ಗೋಡೆ ಕಟ್ತಿದ್ದೆ. ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಫೋನು. ಸಂದು ಅಂದ್ರೆ ಮೇಸ್ತ್ರಿ ತಲೆಗೆ ಇನ್ನೇನು ಹೊಳೆಯುತ್ತೆ ಹೇಳು? ಹೋದ ವಾರ ನಿನ್ನ ಬಾಡಿಗೆ ರೂಮಿನ ಫೋಟೋ ಕಳಿಸಿದ್ದೆಯಲ್ಲ, ಕಿಟಕಿ ಪಕ್ಕ ಇಟ್ಟಿಗೆ ಸಂದು ಬಾಯಿಬಿಟ್ಟಿರೋದು, ಅದೇ ಇರಬೇಕು ಅಂದ್ಕೊಂಡೆ. "ತುಂಬಿಬಿಡಮ್ಮಾ, ಏನೂ ಆಗಲ್ಲ" ಅಂತ ಒಂದು ವಾಯ್ಸ್ ಮೆಸೇಜು ಕಳಿಸಿ ಫೋನು ಜೇಬಿಗೆ ಹಾಕ್ಕೊಂಡೆ. ಇನ್ನೆರಡು ಸಾಲು ಇಟ್ಟಿಗೆ ಕೂರಿಸಿರಬೇಕು ಅಷ್ಟೇ, ಕೈ ತಾನಾಗೇ ನಿಂತುಹೋಯ್ತು. ರೂಮಿನ ಗೋಡೆಗೆ ಇವಳು ಕೆಲಸದ ಹೊತ್ತಲ್ಲಿ ಯಾಕೆ ಮೆಸೇಜು ಮಾಡ್ತಾಳೆ? ಗೋಡೆ ಬಿರುಕು ಬಿಟ್ರೆ ಮನೆ ಓನರ್ ಜೊತೆ ಜಗಳ ತೆಗೆಯೋ ಜಾತಿ ಇವಳು, ಅಪ್ಪನ್ನ ಕೇಳೋಳಲ್ಲ.

ಫೋನ್ ಮಾಡಿದ್ರೆ ನೀನು ಸಿಗಲ್ಲ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತಾಳೆ ಆ ಹೆಂಗಸು, ಎಷ್ಟು ಸಮಾಧಾನವಾಗಿ ಹೇಳ್ತಾಳೆ ಅಂತೀಯ! ಸರಿ, ನಿಮ್ಮಮ್ಮನಿಗೆ ಮಾಡಿದೆ. ಅವಳು ಕ್ಲಿನಿಕ್ಕಲ್ಲಿ ಯಾರದೋ ಮಂಡಿ ಮಡಿಸಿ ಬಿಡಿಸಿ ಮಾಡಿಸ್ತಿದ್ಲು. ನಿನ್ನ ಮೆಸೇಜು ಓದಿ ಹೇಳಿದ್ದೇ ತಡ, "ಅಯ್ಯೋ, ಭುಜ!" ಅಂದ್ಲು. ಹೋದ ವರ್ಷ ಸೂಟ್‌ಕೇಸ್ ಎತ್ತೋಕೆ ಹೋಗಿ ಬಲಭುಜದ ಸಂದು ತಪ್ಪಿಸ್ಕೊಂಡಿದ್ದೆಯಲ್ಲ, ಅದೇ ಮತ್ತೆ ಅಂತ. "ನೀವೇನಂದ್ರಿ ಅವಳಿಗೆ?" ಅಂದ್ಲು. "ತುಂಬು ಅಂದೆ" ಅಂದೆ. "ತುಂಬು ಅಂದ್ರಾ? ಭುಜಾನಾ? ನಿಮ್ಮ ಕೈಗೆ ಕೊಟ್ರೆ ನನ್ನ ಪೇಷೆಂಟ್ ಮಂಡಿಗೂ ಸಿಮೆಂಟು ಮೆತ್ತಿ ಕಳಿಸ್ತೀರಿ" ಅಂತ ಶುರು ಮಾಡಿದ್ಲು. ಪಾಪ, ಆ ಮಂಡಿಯವರು ಅಷ್ಟೂ ಹೊತ್ತು ಕಾಲೆತ್ತಿಕೊಂಡೇ ಮಲಗಿದ್ರೋ ಏನೋ.

ನೀನು ಈ ಕೆಲಸಕ್ಕೆ ಅಂತ ಊರು ಬಿಟ್ಟು ಹೊರಡೋ ಮುಂಚೆ ಊಟಕ್ಕೆ ಕೂತಾಗ ಮೂರೂ ಜನ ಇದೇ ಪದ ಹಿಡ್ಕೊಂಡು ಕಿತ್ತಾಡಿದ್ದು ನೆನಪಾಗುತ್ತೆ. ಸಂದು ಅಂದ್ರೆ ತುಂಬಬೇಕು, ತುಂಬದಿದ್ರೆ ನೀರಿಳಿಯುತ್ತೆ ಅಂದೆ ನಾನು. ಸಂದು ಅಂದ್ರೆ ಆಡಬೇಕು, ತುಂಬಿದ್ರೆ ಅದು ಕಾಲಲ್ಲ ರೀ, ಕೋಲು ಅಂದ್ಲು ನಿಮ್ಮಮ್ಮ. ನೀನು ಬೆರಳು ನೆಕ್ಕುತ್ತಾ, "ನಿಮ್ಮಿಬ್ಬರದೂ ಚಿಲ್ಲರೆ ಸಂದು. ಬಂಡೆ ಎಲ್ಲಿಂದ ಕೈಬಿಡುತ್ತೋ ಅದು ನಿಜವಾದ ಸಂದು" ಅಂದೆ. ದೊಡ್ಡ ಪ್ರೊಫೆಸರ್ ಬಂದ್ಲು ನೋಡಿ ಅಂತ ನಕ್ಕಿದ್ವಿ.

ಇವತ್ತು ಫೋನಲ್ಲಿ ಆ ಮೂರನೇದನ್ನ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಗೋಡೆ, ಭುಜ, ಗೋಡೆ, ಭುಜ ಅಂತ ಅದರಲ್ಲೇ ಜಗಳ ಆಡಿದ್ವಿ. ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೇನೋ ಅನ್ನೋ ಹಾಗೆ. ನಿನ್ನ ಕೆಲಸಾನೇ ಅದಲ್ವಾ? ದಿನಾ ಬೆಳಿಗ್ಗೆ ಕ್ವಾರಿಯಲ್ಲಿ ಬಂಡೆ ನೋಡಿ, ಇವತ್ತು ಆಳುಗಳು ಕೆಳಗೆ ಇಳೀಬಹುದು, ಇಳೀಬಾರದು ಅಂತ ಹೇಳೋದು. ಬಂಡೆ ಸಂದು ಬಿಟ್ಕೊಂಡಿದೆ, ಮಗಳು ಅಪ್ಪನ್ನ ಕೇಳ್ತಾಳೆ, ಅಪ್ಪ ಹೇಳ್ತಾನೆ, ತುಂಬಿಬಿಡಮ್ಮಾ ಏನೂ ಆಗಲ್ಲ. ಥೂ, ನನ್ನ ನಾಲಿಗೆಗಿಷ್ಟು!

ಅದನ್ನ ಅಳಿಸೋಣ ಅಂತ ಫೋನು ತೆಗೆದೆ. ಅಷ್ಟರಲ್ಲಿ ನೀಲಿ ಗುರುತು ಬಂದಿತ್ತು. ಕೇಳಿಬಿಟ್ಟಿದ್ದೀಯ. ಆಮೇಲೆ ಕಳಿಸಿದ್ದು ಒಂದೂ ನಿನಗೆ ಮುಟ್ಟಿಲ್ಲ. ತಪ್ಪು ಮಾತು ಹೋಗೋಕೆ ಸಿಗ್ನಲ್ ಇರುತ್ತೆ, ಸರಿ ಮಾತಿಗೆ ಇರಲ್ಲ. ಅದಕ್ಕೇ ಎಲ್ಲಾ ಸೇರಿಸಿ ಇದನ್ನ ಹೇಳ್ತಿದ್ದೀನಿ, ಯಾವಾಗಾದ್ರೂ ಮುಟ್ಟಲಿ. ಗೋಡೆ ಆದ್ರೆ ಬಿಡು, ನಾನೇ ಬಂದು ನೋಡ್ತೀನಿ. ಭುಜ ಆದ್ರೆ ಕೈಯನ್ನ ಎದೆಗೆ ಒತ್ತಿ ಕಟ್ಕೊಂಡು ಡಾಕ್ಟರ್ ಹತ್ರ ಹೋಗು, ಯಾರ ಕೈಲೂ ಎಳೆಸ್ಕೋಬೇಡ, ಇದು ಅಮ್ಮನ ಆರ್ಡರು. ಬಂಡೆ ಆದ್ರೆ ಮಾತ್ರ ನನ್ನ ಕೇಳಬೇಡ. ನನಗೆ ಗೊತ್ತಿರೋ ಸಂದು ನಾನೇ ಬಿಟ್ಟು ನಾನೇ ತುಂಬೋ ಸಂದು, ಬೆರಳಷ್ಟು ಅಗಲ. ನಿಂದು ಯಾರೂ ಇಟ್ಟಿದ್ದಲ್ಲ, ಯಾವ ಕರಣೆಗೂ ಬಗ್ಗೋದಲ್ಲ. ಬಂಡೆ ಓದಿದೋಳು ನೀನು. ನಿನ್ನ ಕಣ್ಣು ಏನು ಹೇಳುತ್ತೋ ಅದನ್ನೇ ಮಾಡು.

ಅಗೋ, ನಿಮ್ಮಮ್ಮ ಬಂದ್ಲು, ಕ್ಲಿನಿಕ್ಕಿನ ಕೋಟು ಕೂಡ ಬಿಚ್ಚಿಲ್ಲ. ಇಬ್ಬರೂ ನಿನ್ನ ಹತ್ರಾನೇ ಹೊರಟಿದ್ದೀವಿ. ಬಂದೇ ಕಣೇ, ಒಂದು ನಿಮಿಷ! "ಕಾಗದ ಆಮೇಲೆ ಓದಿ, ಬಸ್ ಹೋಗುತ್ತೆ" ಅಂತ ಕೆಳಗಿಂದ ಕೂಗ್ತಿದ್ದಾಳೆ. ಓದ್ತಿಲ್ಲ ಕಣೇ, ಹೇಳ್ತಿದ್ದೀನಿ!

ತಲೆ ಮೇಲಿರೋದು ಗಟ್ಟಿಯಾಗಿರಲಿ ಮಗಳೇ, ಕಾಲ ಕೆಳಗಿರೋದು ಇನ್ನೂ ಗಟ್ಟಿಯಾಗಿರಲಿ. ಅಮ್ಮಂದೂ ಸೇರಿಸಿ ಆಶೀರ್ವಾದ.

ಇತಿ,
ನಿನ್ನ ವಟವಟ ಅಪ್ಪ

ಮತ್ತೆ ನಾನೇ. ಬಸ್ ಸ್ಟ್ಯಾಂಡಲ್ಲಿದ್ದೀವಿ, ಗಲಾಟೆ, ಕೇಳಿಸುತ್ತಾ? ಈಗ ತಾನೆ ನಿನ್ನ ಮೆಸೇಜು ಬಂತು. ಬಂಡೆಯದೇ. ಆಳುಗಳನ್ನೆಲ್ಲ ಆಚೆ ಕಳಿಸಿದ್ದೀಯ, ಸದ್ಯ. ಆದ್ರೆ ಮ್ಯಾನೇಜರು ಸಿಮೆಂಟು ತುಂಬಿಸಿ ಮಧ್ಯಾಹ್ನದಿಂದ ಕೆಲಸ ಶುರು ಮಾಡೋಣ, ನೀನು ಹೂಂ ಅಂದ್ರೆ ಸಾಕು ಅಂತಿದ್ದಾರೆ, ನೀವೂ ಹಾಗೇ ಅಂದ್ರಲ್ಲ ಅಪ್ಪಾ ಅಂತ ಬರೆದಿದ್ದೀಯ. ಹೂಂ ಅನ್ನಬೇಡ. ಕೆಲಸ ಹೋದ್ರೆ ಹೋಗ್ಲಿ, ಒಬ್ಬರನ್ನೂ ಕೆಳಗೆ ಬಿಡಬೇಡ. ಬೆಳಿಗ್ಗೆ ನಾನಂದಿದ್ದು ಗೋಡೆಗೆ, ಮಗಳೇ. ನಿನಗಲ್ಲ.