ಟ್ರ್ಯಾಕ್ಟರ್ ಏರಿದ ಲ್ಯಾಪ್‌ಟಾಪು

ಹೊಳಲು
18–11–2024

ಚಿ. ಸೌ. ಅಮೃತಳಿಗೆ ಅತ್ತೆ ದೇವಿರಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಅಂತ ಬರೆಯಬೇಕು, ಆದರೆ ಸುಳ್ಳು ಬರೆಯೋಕೆ ಕೈ ಬರುತ್ತಿಲ್ಲ. ಆಯುಧಪೂಜೆಯ ಮಾರನೆಯ ದಿನ ನೀನು ಮದ್ದೂರಿಗೆ, ತವರಿಗೆ ಹೊರಟುಹೋದೆ. ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಸಮಾಧಾನ ಹೇಳೋಕೆ ಶುರು ಮಾಡಿ ಜಗಳದಲ್ಲಿ ನಿಲ್ಲಿಸುತ್ತೇನೆ. ಏಳನೇ ಕ್ಲಾಸು ಓದಿದ್ದು ಈಗಲಾದರೂ ಉಪಯೋಗಕ್ಕೆ ಬರಲಿ ಅಂತ ಪೆನ್ನು ಹಿಡಿದಿದ್ದೇನೆ.

ಪೂಜೆಯ ದಿನ ನಡೆದದ್ದನ್ನು ನೀನು ಪೂರ್ತಿ ಕೇಳಲೇ ಇಲ್ಲ. ನೀನು ಸ್ನಾನಕ್ಕೆ ಹೋಗಿದ್ದೆ. ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಮೆಷಿನ್ನು ಎಲ್ಲ ತೊಳೆದು ಅಂಗಳದಲ್ಲಿ ಜೋಡಿಸಿದ್ದೆವು. ನಿನ್ನ ಲ್ಯಾಪ್‌ಟಾಪನ್ನೂ ಆನ್ ಇದ್ದ ಹಾಗೇ ನಾನೇ ತಂದು ಅರಿಶಿನ ಕುಂಕುಮ ಇಟ್ಟೆ. ನಿನ್ನ ಗಂಡ ಅನ್ನಿಸಿಕೊಂಡ ನನ್ನ ಮಗ ಶಿವರಾಜು, "ಅದ ಆಫ್ ಮಾಡ್ಬುಡವ್ವ" ಅಂದ. "ಪೂಜೆ ಒತ್ನಲ್ಲಿ ಬೆಳಕು ಆರುಸ್ತಾರೇನ್ಲಾ" ಅಂತ ಗದರಿದೆ. ನಿಮ್ಮ ಮಾವ ನಿಂಬೆಹಣ್ಣಿನ ಮೇಲೆ ಟ್ರ್ಯಾಕ್ಟರ್ ಹತ್ತಿಸುವಾಗ ಸೇವಂತಿಗೆ ಹಾರ ಸುತ್ತಿ ಲ್ಯಾಪ್‌ಟಾಪನ್ನು ಬಾನೆಟ್ಟಿನ ಮೇಲೆ ಕೂರಿಸಿದವಳೂ ನಾನೇ. ಟ್ರ್ಯಾಕ್ಟರು ಜಗ್ಗಿತು, ಅದು ಬಿತ್ತು. ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಮಾತ್ರ ಕಟಕಟ ಅನ್ನುತ್ತಿತ್ತು.

ಮೂರು ಬೆಳೆ ನೀನು ವಿ.ಸಿ. ಫಾರಂ ಕೃಷಿ ಕಾಲೇಜಿನ ಹೊಲದ ಬಿಸಿಲಲ್ಲಿ ನಿಂತು ರಾಗಿ ಪೈರು ಅಳೆದ ಅಷ್ಟೂ ಲೆಕ್ಕ ಅದರಲ್ಲೇ ಇತ್ತು, ಅದಿಲ್ಲದೆ ನಿನಗೆ ಡಾಕ್ಟರೇಟು ಇಲ್ಲ ಅನ್ನೋದು ಆಮೇಲೆ ಶಿವರಾಜು ಹೇಳಿದ ಮೇಲೆ ತಿಳಿಯಿತು. ಬೀಜದ ರಾಗಿಯನ್ನು ಯಾರಾದರೂ ಒಂದೇ ಮಡಕೆಯಲ್ಲಿ ಇಡ್ತಾರೇನೇ? ನೋಡು, ಕ್ಷಮೆ ಕೇಳೋಕೆ ಕೂತವಳು ನಿನಗೇ ಬುದ್ಧಿ ಹೇಳಿಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ. ನೀನಾದರೂ ಅವತ್ತು ನನಗೆ ಬೈಯಬೇಕಿತ್ತು ಅಮೃತ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ನೀನು ಸುಮ್ಮನೆ ಬ್ಯಾಗು ತಗೊಂಡು ಹೋದದ್ದೇ ನನ್ನ ನಿದ್ದೆ ಕೆಡಿಸಿದೆ.

ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಿದ್ದೇಶನ ಹತ್ತಿರ ಶಿವರಾಜು ಲ್ಯಾಪ್‌ಟಾಪನ್ನು ತಗೊಂಡು ಹೋದ. ಬೇಡ ಅಂದರೂ ಜೊತೆಗೆ ಹೋದೆ. ಸಿದ್ದೇಶ ಕಿವಿಗೊಟ್ಟು ಕೇಳಿ, "ಇದ ಇನ್ನ ಆನ್ ಮಾಡ್ಬೇಡಿ ಕಣಮ್ಮ, ಮಾಡ್ದಷ್ಟೂ ಒಳ್ಗೆ ಗೀರ್ಕೊಂಡೋಯ್ತದೆ" ಅಂದ. ಅದನ್ನು ಬಿಚ್ಚಿ ನೋಡುವ ಕಡೆ ಬೆಂಗಳೂರಿಗೆ ಕಳಿಸಿದ. ದಿನಾ ಫೋನ್ ಮಾಡಿ "ಬಂತೇನಪ್ಪ" ಅಂತ ಅವನ ತಲೆ ತಿಂದೆ. ನಿನ್ನೆ ಬಂತು. ಮೊದಲ ಎರಡು ಬೆಳೆಯ ಲೆಕ್ಕ ಸಿಕ್ಕಿದೆ. ಕೊನೆಯದು ಹೋಗಿದೆ. "ಅದು ಬರಾಕಿಲ್ಲ ಕಣಮ್ಮ, ಆಸೆ ಬುಡಿ" ಅಂದ. ಅವನ ಅಂಗಡಿಯಲ್ಲೇ ಅತ್ತುಬಿಟ್ಟೆ. ನಾಲ್ಕು ಜನ ನೋಡಿದರು, ನೋಡಲಿ.

ಕಾಲುವೆ ಪಕ್ಕದ ಗದ್ದೆಗೆ ಈ ಸಲ ಕಬ್ಬು ಹಾಕಬೇಡಿ ಅಂದಿದ್ದೇನೆ. ನಿಮ್ಮ ಮಾವ ಹಾರಾಡಿದರು: "ಕಬ್ಬಿನ ಗದ್ದೇಲಿ ರಾಗಿ ಆಕಿಯೇನಮ್ಮಿ?" "ಆಕ್ತೀನಿ, ಏನೀಗ?" ಅಂದೆ. ಫಾರಂ ಲೆಕ್ಕಕ್ಕೆ ನಮ್ಮ ಗದ್ದೆಯ ಪೈರು ಆಗುತ್ತೋ ಇಲ್ಲವೋ ನನಗೆ ತಿಳಿಯದು. ನೀನು ಹೇಳಿದ ಅಂತರದಲ್ಲಿ ನಾಟಿ ಮಾಡುತ್ತೇನೆ. ನೀನು ಅಳೆ, ನಾನು ಕೊಡೆ ಹಿಡಿದು ನಿಲ್ಲುತ್ತೇನೆ.

ನಿಮ್ಮಮ್ಮನನ್ನು ಕೇಳಿದೆ ಅಂತ ಹೇಳು. ನಿನ್ನ ನೆನಪಾಗುತ್ತೆ ಅಂತ ಶಿವರಾಜು ಬಾಯಿ ಬಿಡುವುದಿಲ್ಲ, ಊಟ ಮಾತ್ರ ಬಿಟ್ಟಿದ್ದಾನೆ. ನಿನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಬರಲಿ, ನಾನು ಅದನ್ನು ಊರೆಲ್ಲ ಹೇಳಿಕೊಂಡು ತಿರುಗುವ ಹಾಗಾಗಲಿ, ತಾಯಿ.

ಇಂತಿ ನಿನ್ನ ಅತ್ತೆ,
ದೇವಿರಮ್ಮ

ವಿ.ಸೂ.: ಇಷ್ಟು ವರ್ಷ ಇಲ್ಲದ್ದು ಈ ಸಲ ಯಾಕೆ ಅದನ್ನು ಪೂಜೆಗಿಟ್ಟೆ ಅಂತ ಶಿವರಾಜು ಕೇಳುತ್ತಲೇ ಇದ್ದಾನೆ. ಅವನಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ನಾನು ಮದುವೆಯಾಗಿ ಬರುವಾಗ ತವರಿಂದ ಹೊಲಿಗೆ ಮೆಷಿನ್ನು ತಂದಿದ್ದೆ. ಬೀದಿಯ ಹೆಂಗಸರ ರವಿಕೆಯೆಲ್ಲ ನಾನೇ ಹೊಲಿಯುತ್ತಿದ್ದೆ. ಮೊದಲ ಆಯುಧಪೂಜೆಗೆ ಅದನ್ನು ಒರೆಸಿ, ಎಣ್ಣೆ ಬಿಟ್ಟು, ಆಸೆಯಿಂದ ನೇಗಿಲ ಪಕ್ಕ ಇಟ್ಟೆ. ನನ್ನ ಅತ್ತೆ, "ಎಂಗಸ್ರ ಆಟದ ಸಾಮಾನು ಇಲ್ಯಾಕೆ? ಒಳೀಕೆ ತಕ್ಕೊಂಡೋಗು" ಅಂದರು. ಎಲ್ಲರ ಎದುರಿಗೇ ಎತ್ತಿಕೊಂಡು ಒಳಗೆ ಹೋದೆ. ಮತ್ತೆ ಯಾವ ವರ್ಷವೂ ತರಲಿಲ್ಲ. ನಿನ್ನದಕ್ಕೆ ಹಾಗಾಗಬಾರದು ಅಂತ ಎಲ್ಲಕ್ಕಿಂತ ಎತ್ತರದಲ್ಲಿ ಇಟ್ಟೆ ಕಣವ್ವ.